ಎದೆ ಉರಿ ಬರದ ಹಾಗೆ ಒಂದು ದಿನದ ಜ್ಯೂಸ್ ಉಪವಾಸ

ಜ್ಯೂಸ್ ಕುಡಿದರೆ ರಕ್ತದ ಆಮ್ಲ ಇಳಿಯುತ್ತದೆ ಅಂತ ನಂಬಿ ಉಪವಾಸಕ್ಕೆ ಇಳಿಯಬೇಡಿ. ಆರೋಗ್ಯವಂತರ ರಕ್ತದ ಪಿಎಚ್ (ಆಮ್ಲ, ಕ್ಷಾರ ಎಷ್ಟಿದೆ ಅಂತ ತೋರಿಸುವ ಅಂಕಿ) 7.35ರಿಂದ 7.45ರ ಒಳಗೇ ಇರುತ್ತದೆ. ಅದನ್ನು ಕಾಯುವುದು ಶ್ವಾಸಕೋಶ ಮತ್ತು ಕಿಡ್ನಿ, ಜ್ಯೂಸ್ ಅಲ್ಲ. ಬದಲಾಗುವುದು ಮೂತ್ರ. ನಿಂಬೆ, ಮೂಸಂಬಿಯ ಸಿಟ್ರೇಟ್ ಮೈಯೊಳಗೆ ಬೈಕಾರ್ಬನೇಟ್ ಎಂಬ ಕ್ಷಾರ ಆಗುತ್ತದೆ, ಹೆಚ್ಚಾದದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ, ಮೂತ್ರಕ್ಕೆ ಅದ್ದಿ ನೋಡುವ ಪಿಎಚ್ ಪಟ್ಟಿಯ ಬಣ್ಣ ತಿರುಗುವುದು ಅದಕ್ಕೇ.

ಹೊಟ್ಟೆಯ ಕಥೆ ಬೇರೆ. ಅಲ್ಲಿ ಮೊದಲೇ ಗಟ್ಟಿ ಆಮ್ಲ ಇರುತ್ತದೆ, ಖಾಲಿ ಹೊಟ್ಟೆಗೆ ಹುಳಿ ಜ್ಯೂಸ್ ಬಿದ್ದರೆ ಎಷ್ಟೋ ಜನರಿಗೆ ಹುಳಿತೇಗು, ಎದೆ ಉರಿ ಶುರು.

ಹಿಂದಿನ ರಾತ್ರಿ ಬೇಗ ಊಟ ಮುಗಿಸಿ, ಅನ್ನ ಮಜ್ಜಿಗೆ ಸಾಕು. ದಿನಕ್ಕೆ ಮೂರ್ನಾಲ್ಕು ಲೋಟ ಕಾಫಿ ಕುಡಿಯುವವರು ಎರಡು ಮೂರು ದಿನ ಮೊದಲೇ ಕಡಿಮೆ ಮಾಡುತ್ತಾ ಬನ್ನಿ, ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಹಿಡಿಯುತ್ತದೆ. ಬೆಳಿಗ್ಗೆ ಬರೀ ಬಿಸಿನೀರು, ನಿಂಬೆ ಬೇಡ. ಆಮೇಲೆ ಬೂದುಗುಂಬಳದ ಸಿಪ್ಪೆ, ಬೀಜ ತೆಗೆದು ರುಬ್ಬಿ ಸೋಸಿ ಒಂದು ಲೋಟ, ಗಟಗಟ ಅಲ್ಲ, ಗುಟುಕು ಗುಟುಕಾಗಿ. ಎರಡು ಗಂಟೆಗೊಮ್ಮೆ ಎಳನೀರು, ಕ್ಯಾರೆಟ್, ಸೌತೆಕಾಯಿ ಹೀಗೆ ಬದಲಾಯಿಸಿ. ಕಿತ್ತಳೆ ಬೇಕೇ ಬೇಕು ಅಂದರೆ ಅರ್ಧ ನೀರು ಬೆರೆಸಿ, ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಹಲ್ಲು ಮಾತ್ರ ತಕ್ಷಣ ಉಜ್ಜಬೇಡಿ. ಸೋರೆಕಾಯಿ, ಸೌತೆಕಾಯಿ ಕೊಯ್ದ ಕೂಡಲೇ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಇದ್ದರೆ ಸುಮ್ನೆ ಎಸೆದುಬಿಡಿ. ಕಹಿ ಸೋರೆಕಾಯಿ ರಸ ವಿಷ, ಜೀವ ಹೋದದ್ದೂ ಇದೆ.

ಉರಿ ಬಂದರೆ ಹಟ ಮಾಡಬೇಡಿ, ತೆಳ್ಳಗೆ ಗಂಜಿ ಕುಡಿದು ನಿಲ್ಲಿಸಿ.

ಇನ್ನು ಸಕ್ಕರೆ ಕಾಯಿಲೆಯವರು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಳಿಗೆ ನುಂಗುವವರು ಉಪವಾಸ ಮಾಡಿದರೆ ಕೀಟೋನ್ (ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಏರಿ ರಕ್ತ ನಿಜಕ್ಕೂ ಆಮ್ಲವಾಗಬಹುದು. ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ಕಾಣದೇ ಇರಬಹುದು, ಅದೇ ದೊಡ್ಡ ಅಪಾಯ. ವಾಂತಿ, ಏದುಸಿರು, ಹೊಟ್ಟೆನೋವು ಬಂದರೆ ಸೀದಾ ಆಸ್ಪತ್ರೆಗೆ ಹೋಗಿ. ಕಿಡ್ನಿ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಸಿಯಮ್ಮೇ ಮುಳುವಾಗಬಹುದು. ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆಯವರು, ಗರ್ಭಿಣಿಯರು, ಹೊಟ್ಟೆ ಹುಣ್ಣಿನವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಲೇಬಾರದು.

ಮರುದಿನ ಬೆಳಿಗ್ಗೆ ದೋಸೆ, ಖಾರದ ಚಟ್ನಿ ಬೇಡ. ಮೆತ್ತಗೆ ಬೆಂದ ಅನ್ನ, ಹೆಸರುಬೇಳೆ ತೊವ್ವೆ, ಮೇಲೆ ಒಂದು ಚಮಚ ತುಪ್ಪ. ಕಾಫಿ ಅದಾದ ಮೇಲೆ.