ಸ್ಪೈಡರ್‌ಮ್ಯಾನ್ ಬಗ್ಗೆ ಮಾತು ಬಿಡದಂತೆ ವಾದ ಮಾಡುವುದು ಹೇಗೆ

ಯಾವ ಸ್ಪೈಡರ್‌ಮ್ಯಾನ್? ವಾದಕ್ಕೆ ಕೂರುವ ಮೊದಲು ಈ ಪ್ರಶ್ನೆ ಕೇಳಿ. ಕೇಳದೇ ಶುರು ಮಾಡಿದರೆ ಒಬ್ಬರು ಒಂದು ಸಿನಿಮಾ ಹಿಡಿದುಕೊಂಡು, ಇನ್ನೊಬ್ಬರು ಇನ್ನೊಂದು ಹಿಡಿದುಕೊಂಡು ಕೂಗಾಡುತ್ತೀರಿ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಭಾನುವಾರ ನಡೆಯುವುದು ಇದೇ. ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಆರಿ ಹೋಗುತ್ತವೆ. ಅಣ್ಣನ ಮಗನೂ ಅವನ ಗೆಳೆಯರೂ ಇನ್ನೂ ಮೊದಲ ಮಾತಿನಲ್ಲೇ ಇರುತ್ತಾರೆ. ನಾನು ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಕೆಲಸ ಮಾಡುವವಳು. ತಪ್ಪು ಹುಡುಕಿಯೇ ಸಂಬಳ ತಗೊಳ್ಳುವವಳು. ಹಾಗಾಗಿ ಪಂಚಾಯ್ತಿ ನನ್ನ ತಲೆಗೆ ಬಿದ್ದಿದೆ.

ಲೆಕ್ಕ ಹೀಗಿದೆ. ಟೋಬಿ ಮ್ಯಾಗ್ವೈರ್ ಮಾಡಿದ್ದು ಮೂರು: 2002, 2004, 2007. ಮೂರಕ್ಕೂ ಸ್ಯಾಮ್ ರೈಮಿಯೇ ನಿರ್ದೇಶಕ. ಆಂಡ್ರ್ಯೂ ಗಾರ್ಫೀಲ್ಡ್ ಮಾಡಿದ್ದು ಎರಡು: 2012, 2014. ಟಾಮ್ ಹಾಲೆಂಡ್ ಮೊದಲು ಬಂದದ್ದು 2016ರ 'ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್'ನಲ್ಲಿ. ಆಮೇಲೆ 2017, 2019, 2021ರಲ್ಲಿ ಅವನದೇ ಸಿನಿಮಾಗಳು ಬಂದವು. ಸ್ಪೈಡರ್‌ಮ್ಯಾನ್‌ನ ನಿಜವಾದ ಹೆಸರು ಪೀಟರ್ ಪಾರ್ಕರ್. ಇವು ಮೂರು ಬೇರೆ ಬೇರೆ ಪೀಟರ್‌ಗಳ ಕಥೆ. 2021ರಲ್ಲಿ ಮೂವರೂ ಒಂದೇ ಪರದೆಯ ಮೇಲೆ ಸೇರಿದರು, ನಿಜ. ಆದರೆ ಅಲ್ಲೂ ಅವರು ಬೇರೆ ಬೇರೆ ಲೋಕದಿಂದ ಬಂದವರೇ. ಇವೆಲ್ಲಕ್ಕೂ ಮೂಲ 1962ರಲ್ಲಿ ಸ್ಟಾನ್ ಲೀ, ಸ್ಟೀವ್ ಡಿಟ್ಕೊ ಸೇರಿ ಮಾಡಿದ ಕಾಮಿಕ್ಸ್.

ಮುಖ ನೋಡಿ ಮೋಸ ಹೋಗಬೇಡಿ. ಪತ್ರಿಕೆಯ ಸಂಪಾದಕ ಜೇಮ್ಸನ್ ಪಾತ್ರವನ್ನು ಜೆ.ಕೆ. ಸಿಮನ್ಸ್ ಟೋಬಿಯ ಮೂರರಲ್ಲೂ ಮಾಡಿದ್ದಾರೆ. 2019ರ ಸಿನಿಮಾದ ಕೊನೆಯಲ್ಲೂ ಅವರೇ ಬರುತ್ತಾರೆ. ಹಾಗಂತ ಎರಡೂ ಒಂದೇ ಕಥೆ ಅಂತ ಸಾಧಿಸಲು ಹೋದರೆ ಸೋಲುತ್ತೀರಿ. ನಟ ಒಬ್ಬನೇ, ಪಾತ್ರ ಬೇರೆ.

ಮುಂದಿನ ಕೆಲಸ, ದೂರು ಯಾವ ಜಾತಿಯದು ಅಂತ ಬೇರೆ ಮಾಡುವುದು. ನಮ್ಮ ಟೇಬಲ್ಲಿಗೆ ಪ್ಯಾಂಟು ಬಂದಾಗ ಒಂದು ಜೇಬು ಮೇಲೆ, ಒಂದು ಕೆಳಗೆ ಇದ್ದರೆ ಅದು ತಪ್ಪು, ವಾಪಸ್ ಹೋಗುತ್ತದೆ. ಸ್ಯಾಂಪಲ್ ಬೂಟ್‌ಕಟ್ ಇದ್ದು, ಮಾಲು ಕೊಳ್ಳುವ ಪಾರ್ಟಿ ನ್ಯಾರೋ ಬೇಕು ಅಂದರೆ ಅದು ತಪ್ಪಲ್ಲ. ನಿಮಗೆ ಹಿಡಿಸದೇ ಇರಬಹುದು, ಅಷ್ಟೇ. ಒಂದೇ ಸರಣಿಯ ಒಳಗೆ ಒಂದು ಮಾತು ಇನ್ನೊಂದಕ್ಕೆ ಕೂಡಿಬರದಿದ್ದರೆ ಅದು ಮೊದಲನೇ ಥರ. ಕಾಮಿಕ್ಸಿನಲ್ಲಿ ಇದ್ದದ್ದನ್ನು ಸಿನಿಮಾದವರು ಬೇಕಂತಲೇ ಬದಲಾಯಿಸಿದ್ದರೆ ಅದು ಎರಡನೇ ಥರ. ಇವೆರಡನ್ನೂ ಒಂದೇ ಗಂಟು ಕಟ್ಟಿ ಬೈಯುವವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ.

ಮೊದಲನೇ ಥರಕ್ಕೆ ಬೇಕಾದ್ದು ವರ್ಷದ ಲೆಕ್ಕ. 2017ರ 'ಹೋಮ್‌ಕಮಿಂಗ್' ತಗೊಳ್ಳಿ. ಅದು ಶುರುವಾಗುವುದು ನ್ಯೂಯಾರ್ಕಿನ ದೊಡ್ಡ ಯುದ್ಧ ಮುಗಿದ ಮೇಲೆ, ಅಂದರೆ 2012ರ 'ಅವೆಂಜರ್ಸ್' ಆದಮೇಲೆ. ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕ ಇರುವ ಆ ಹೀರೋಗಳ ಗುಂಪಿನ ಸರಣಿಯಲ್ಲೇ ಟಾಮ್‌ನ ಪೀಟರ್ ಕೂಡ ಇರುವುದು. ಆಮೇಲೆ ಪರದೆಯ ಮೇಲೆ ಎಂಟು ವರ್ಷದ ನಂತರ ಅಂತ ಬರುತ್ತದೆ. ಕೂಡಿಸಿದರೆ 2020. ಆದರೆ ಅದರ ಹಿಂದೆಯೇ ಪೀಟರ್ ಮೊಬೈಲಿನಲ್ಲಿ 'ಸಿವಿಲ್ ವಾರ್' ವಿಮಾನ ನಿಲ್ದಾಣದ ಜಗಳ ತೋರಿಸಿ, ಅದಾಗಿ ಎರಡು ತಿಂಗಳು ಅನ್ನುತ್ತಾರೆ. 'ಸಿವಿಲ್ ವಾರ್' ಯಾವಾಗ ನಡೆಯಿತು? ಆ ಸಿನಿಮಾದಲ್ಲೇ ಅವೆಂಜರ್ಸ್ ಗುಂಪಿನ ವಿಷನ್ ಹೇಳುತ್ತಾನೆ, ಸ್ಟಾರ್ಕ್ ತಾನೇ ಐರನ್ ಮ್ಯಾನ್ ಅಂತ ಒಪ್ಪಿಕೊಂಡು ಎಂಟು ವರ್ಷ ಆಯಿತು ಅಂತ. 'ಐರನ್ ಮ್ಯಾನ್' ಬಂದದ್ದು 2008. ಅಲ್ಲಿಗೆ 2016. ಎರಡೂ ಸರಿ ಇರಲು ಸಾಧ್ಯವಿಲ್ಲ, ಅಲ್ವಾ? ಇದು ಮೇಲೆ ಕೆಳಗೆ ಆದ ಜೇಬು. ಇದಕ್ಕೆ ಸಮಜಾಯಿಷಿ ಹುಡುಕಿಕೊಂಡು ಅರ್ಧ ಗಂಟೆ ಕಳೆಯಬೇಡಿ. ತಪ್ಪು ಅಂತ ಬರೆದುಕೊಂಡು ಮುಂದಿನ ಪೀಸ್ ಎತ್ತಿಕೊಳ್ಳಿ. ಕಥೆಗೆ ಇದರಿಂದ ಏನೂ ಆಗಿಲ್ಲ.

ಇನ್ನೊಂದು ಬಗೆ ಇದೆ, ಅದೇ ಕಷ್ಟದ್ದು. ಮೊದಲು ಒಂದು ಹೇಳಿ, ಆಮೇಲೆ ಬಂದು ಅದು ಹಾಗಲ್ಲ, ಹೀಗೆ ಅನ್ನುವುದು. ಟೋಬಿಯ ಮೊದಲ ಸಿನಿಮಾದಲ್ಲಿ ಪೀಟರ್ ಒಬ್ಬ ಕಳ್ಳನನ್ನು ಬೇಕಂತಲೇ ಓಡಿಹೋಗಲು ಬಿಡುತ್ತಾನೆ. ಪೀಟರ್‌ನನ್ನು ಸಾಕಿದ ಅಂಕಲ್ ಬೆನ್ ಗುಂಡೇಟಿಗೆ ಸಾಯುತ್ತಾನೆ. ಕೊಂದವನು ಅದೇ ಕಳ್ಳ ಅಂತ ಪೀಟರ್‌ಗೂ ನಮಗೂ ಗೊತ್ತಾಗುತ್ತದೆ. ಪೀಟರ್ ಸ್ಪೈಡರ್‌ಮ್ಯಾನ್ ಆಗಿ ಉಳಿಯುವುದೇ ಆ ಕೊರಗಿನಿಂದ. 2007ರಲ್ಲಿ ಪೊಲೀಸರು ಬಂದು, ಗುಂಡು ಹಾರಿಸಿದವನು ಫ್ಲಿಂಟ್ ಮಾರ್ಕೊ ಅನ್ನುತ್ತಾರೆ. ಅವನೇ ಮರಳಿನ ಮನುಷ್ಯ.

ನಮ್ಮ ಯೂನಿಟ್ಟಿನ ಕಟಿಂಗ್ ಮಾಸ್ತರು ಇದಕ್ಕೆ ಇವತ್ತಿಗೂ ಸಿಟ್ಟಾಗುತ್ತಾರೆ. "ಪೀಟರ್ ಬಿಟ್ಟ ಕಳ್ಳ ಕೊಲ್ಲಲೇ ಇಲ್ಲ ಅಂದ್ಮೇಲೆ ಇವನದೇನು ತಪ್ಪು? ಮೊದಲನೇ ಸಿನಿಮಾ ಪೂರ್ತಿ ದಂಡ ಆಯ್ತಲ್ಲಮ್ಮ" ಅನ್ನುತ್ತಾರೆ. ಮೇಲ್ನೋಟಕ್ಕೆ ಸರಿಯಾದ ಮಾತು. ಇಂಥ ಕಡೆ ಮಾಡಬೇಕಾದ್ದು, ಕೂಗುವುದನ್ನು ಬಿಟ್ಟು ಆ ದೃಶ್ಯವನ್ನು ಇನ್ನೊಂದು ಸಲ ಹಾಕಿ ನೋಡುವುದು. ಕೊನೆಗೆ ಮಾರ್ಕೊ ನಡೆದದ್ದನ್ನು ಹೇಳುತ್ತಾನೆ. ಅವನಿಗೆ ಬೇಕಿದ್ದದ್ದು ಕಾರು. ಬೆನ್ ಅವನಿಗೆ ಸಮಾಧಾನ ಹೇಳುತ್ತಿದ್ದ. ಅಷ್ಟರಲ್ಲಿ ಜೊತೆಗಾರ ಹಣ ಹಿಡಿದು ಓಡಿ ಬಂದ. ಮಾರ್ಕೊ ಬೆಚ್ಚಿಬಿದ್ದ, ಗುಂಡು ಹಾರಿತು. ಆ ಜೊತೆಗಾರ ಯಾರು? ಪೀಟರ್ ಬಿಟ್ಟು ಕಳಿಸಿದ ಅದೇ ಕಳ್ಳ! ಅವನನ್ನು ಅಲ್ಲೇ ಹಿಡಿದಿದ್ದರೆ ಅವನು ಓಡಿ ಬರುತ್ತಿರಲಿಲ್ಲ, ಬೆನ್ ಉಳಿಯುತ್ತಿದ್ದ. ಪೀಟರ್‌ನ ತಪ್ಪು ಹಾಗೇ ಇದೆ. ಜೊತೆಗೆ, ಕೊಂದವನನ್ನು ಎದುರಿಗೆ ನಿಲ್ಲಿಸಿಕೊಂಡು ಕ್ಷಮಿಸುವ ದೃಶ್ಯವೂ ಸಿಕ್ಕಿತು. ಮಾಸ್ತರಿಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಇರಲಿ. ಆದರೆ ಈಗ ಅವರು ಬೈಯುವುದು ಆ ಸಿನಿಮಾದಲ್ಲಿ ವಿಲನ್‌ಗಳು ಜಾಸ್ತಿಯಾದರು ಅಂತ. ಅದಕ್ಕೆ ನನ್ನದೂ ಹೌದು.

ಇನ್ನು ಕಾಮಿಕ್ಸಿನಿಂದ ಬದಲಾದ ವಿಷಯಗಳು. ಇಲ್ಲಿ ಮೂಲದಲ್ಲಿ ಹಾಗಿರಲಿಲ್ಲ ಅನ್ನುವುದು ವಾದವೇ ಅಲ್ಲ, ಬರೀ ಮಾಹಿತಿ. ಬದಲಾಯಿಸಿದ್ದರಿಂದ ಕಥೆಗೆ ಏನು ಬಂತು, ಏನು ಹೋಯಿತು ಅಂತ ಹೇಳಿದರೆ ಮಾತ್ರ ವಾದ. ಕಾಮಿಕ್ಸಿನಲ್ಲಿ ಪೀಟರ್ ಬಲೆ ಎಸೆಯುವ ಯಂತ್ರವನ್ನು ತಾನೇ ಮಾಡಿಕೊಳ್ಳುತ್ತಾನೆ. ಟೋಬಿಗೆ ಅದು ಮಣಿಕಟ್ಟಿನಿಂದಲೇ ಬರುತ್ತದೆ. ಜೇಮ್ಸ್ ಕ್ಯಾಮರಾನ್ ತೊಂಬತ್ತರ ದಶಕದಲ್ಲಿ ಬರೆದು, ಸಿನಿಮಾ ಆಗದೇ ಉಳಿದ ಕಥೆಯಲ್ಲೇ ಈ ಯೋಚನೆ ಇತ್ತು. ಹೋದದ್ದು ಏನು? ಬಡ ಹುಡುಗನ ಬುದ್ಧಿವಂತಿಕೆ. ಬಂದದ್ದು ಏನು? 2004ರ ಸಿನಿಮಾ ನೋಡಿ. ಅವನ ಮನಸ್ಸು ಕುಸಿದಾಗ ಬಲೆಯೇ ಬರುವುದು ನಿಲ್ಲುತ್ತದೆ. ಯಂತ್ರ ಇದ್ದಿದ್ದರೆ ಹಾಗೆ ತೋರಿಸಲು ಆಗುತ್ತಿರಲಿಲ್ಲ. 2012ರಲ್ಲಿ ಮತ್ತೆ ಯಂತ್ರಕ್ಕೇ ಹೋದರು. ನನ್ನ ಓಟು ಮಣಿಕಟ್ಟಿಗೆ.

ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯ ವಿಷಯ ಎತ್ತುವಾಗ ಸ್ವಲ್ಪ ಜೋಪಾನ, ಹುಡುಗರು ಅತ್ತುಬಿಡುತ್ತಾರೆ. 1973ರ ಕಾಮಿಕ್ಸಿನಲ್ಲಿ ವಿಲನ್ ಗ್ರೀನ್ ಗಾಬ್ಲಿನ್ ಅವಳನ್ನು ಸೇತುವೆಯಿಂದ ತಳ್ಳುತ್ತಾನೆ. ಪೀಟರ್‌ನ ಬಲೆ ಕಾಲಿಗೆ ಸಿಕ್ಕುತ್ತದೆ, ಅವಳು ಮಾತ್ರ ಉಳಿಯುವುದಿಲ್ಲ. ಚಿತ್ರದಲ್ಲಿ ಕುತ್ತಿಗೆಯ ಪಕ್ಕ ಲಟಕ್ ಅನ್ನುವಂಥ ಒಂದು ಸಣ್ಣ ಸದ್ದು ಬರೆದಿದ್ದಾರೆ. 2002ರಲ್ಲಿ ಸೇತುವೆ ಉಳಿಯಿತು, ಹುಡುಗಿ ಬದಲಾಗಿ ಮೇರಿ ಜೇನ್ ಆದಳು, ಬದುಕಿದಳು. 2014ರಲ್ಲಿ ಗ್ವೆನ್ ಬಂದಳು, ಸೇತುವೆ ಹೋಗಿ ಗಡಿಯಾರದ ಗೋಪುರ ಬಂತು, ಅವಳು ಸತ್ತಳು. ಮೂಲಕ್ಕೆ ಯಾವುದು ಹತ್ತಿರ? ನನ್ನ ಪ್ರಕಾರ ಗೋಪುರವೇ. ಜಾಗ ಬೇರೆಯಾದರೂ ಪೀಟರ್‌ಗೆ ಆದ ನಷ್ಟ ಅದೇ. ಅದಕ್ಕೇ 2021ರಲ್ಲಿ ಗಾರ್ಫೀಲ್ಡ್ ಬೀಳುತ್ತಿದ್ದ ಎಂಜೆಯನ್ನು, ಅಂದರೆ ಟಾಮ್‌ನ ಪೀಟರ್‌ನ ಹುಡುಗಿಯನ್ನು, ಹಿಡಿದಾಗ ಅವನ ಮುಖ ಹಾಗಾಗುವುದು.

ನಿರ್ದೇಶಕನಿಗೆ ಬುದ್ಧಿ ಇಲ್ಲ ಅನ್ನುವ ಮೊದಲು ಹಕ್ಕು ಯಾರ ಕೈಯಲ್ಲಿದೆ ನೋಡಿ. ಸ್ಪೈಡರ್‌ಮ್ಯಾನ್ ಸಿನಿಮಾ ಹಕ್ಕು ಇರುವುದು ಸೋನಿ ಹತ್ತಿರ. 2015ರಲ್ಲಿ ಮಾರ್ವೆಲ್ ಸ್ಟುಡಿಯೋಸ್ ಜೊತೆ ಒಪ್ಪಂದ ಆದಮೇಲೆಯೇ ಅವನು ಅವೆಂಜರ್ಸ್ ಜೊತೆ ಕಾಣಿಸಿಕೊಂಡದ್ದು. ಅಲ್ಲಿ ಟೋನಿ ಸ್ಟಾರ್ಕ್ ಆಗಲೇ ಇದ್ದ, ದೊಡ್ಡವನಾಗಿ ಬುದ್ಧಿ ಹೇಳುವ ಅಂಕಲ್ ಬೆನ್‌ನ ಜಾಗ ಅವನಿಗೆ ಹೋಯಿತು. ಹೀಗೆ ಕಥೆ ತಿರುಗುವುದು ಹಾಲಿವುಡ್ಡಿನ ಹೊಸ ಕಾಯಿಲೆ ಏನಲ್ಲ. ನಮ್ಮ ಪಂಪ 941ರಲ್ಲಿ ಭಾರತ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಬರೆಯುತ್ತಿದ್ದ, ಅದಕ್ಕೆ. ಮೂಲಕ್ಕೆ ದ್ರೋಹ ಅಂತ ಪಂಪನನ್ನು ಯಾರೂ ಮೂಲೆಗೆ ಹಾಕಲಿಲ್ಲ. ಕಾಲೇಜಿಗೆ ಹೋಗುವ ಹುಡುಗರ ಮುಂದೆ ಈ ಉದಾಹರಣೆ ಇಡಿ, ಸ್ವಲ್ಪ ಹೊತ್ತು ಸುಮ್ನಿರುತ್ತಾರೆ.

ನಮ್ಮ ಕಡೆಯವರಿಗೆ ಒಂದು ಬೇರೆ ಎಚ್ಚರಿಕೆ. ನಾವು ಜಾಸ್ತಿ ನೋಡಿದ್ದು ತೆಲುಗು ಡಬ್ಬಿಂಗ್, ಹುಡುಗರು ಮೊಬೈಲಿನಲ್ಲಿ ಇಂಗ್ಲಿಷ್ ನೋಡುತ್ತಾರೆ. ಡೈಲಾಗ್ ಹಿಡಿದು ಜಗಳಕ್ಕೆ ಹೋದರೆ ಇಬ್ಬರೂ ಸರಿ, ಇಬ್ಬರೂ ತಪ್ಪು. ಪರದೆಯ ಮೇಲೆ ಕಣ್ಣಿಗೆ ಕಂಡದ್ದನ್ನು ಹಿಡಿದು ಮಾತಾಡಿ. 2023ರ ಕಾರ್ಟೂನ್ ಸ್ಪೈಡರ್‌ಮ್ಯಾನ್ ಕನ್ನಡದಲ್ಲೂ ಬಂತು, ಆ ತೊಂದರೆ ಅಷ್ಟರ ಮಟ್ಟಿಗೆ ಕಮ್ಮಿ. ಮಜಾ ಅಂದರೆ, ಆ ಸಿನಿಮಾದ ಒಳಗೇ ನಮ್ಮ ಜಗಳ ಇದೆ. ಪ್ರತಿ ಸ್ಪೈಡರ್‌ಮ್ಯಾನ್ ಕಥೆಯಲ್ಲೂ ಕೆಲವು ಸಾವು ಆಗಲೇಬೇಕು ಅಂತ ಮಿಗೆಲ್ ಅನ್ನುವ ಒಬ್ಬ ಸ್ಪೈಡರ್‌ಮ್ಯಾನ್ ಹಟ ಹಿಡಿಯುತ್ತಾನೆ, ಯಾಕೆ ಆಗಬೇಕು ಅಂತ ಇನ್ನೊಬ್ಬ ಸ್ಪೈಡರ್‌ಮ್ಯಾನ್ ಮೈಲ್ಸ್ ಕೇಳುತ್ತಾನೆ. ವಾದ ಹೊಸದಾಗಿ ಕಲಿಯುವವರಿಗೆ ಮೊದಲು ಇದನ್ನೇ ತೋರಿಸಿ.

ಉತ್ತರ ಇಲ್ಲದ ಪ್ರಶ್ನೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಊಟ ಆದಮೇಲೆ. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು, ಟಾಮ್ ಹಾಲೆಂಡ್‌ನ ಪೀಟರ್‌ಗೆ ಅಂಕಲ್ ಬೆನ್ ಇದ್ದನೋ ಇಲ್ಲವೋ ಅನ್ನುವುದು. ಇದ್ದ ಅಂತ ನಾನು. 2019ರ ಸಿನಿಮಾದಲ್ಲಿ ಪೀಟರ್‌ನ ಸೂಟ್‌ಕೇಸ್ ಮೇಲೆ ಬಿ.ಎಫ್.ಪಿ. ಅಂತ ಇದೆ. ಕಾಮಿಕ್ಸಿನಲ್ಲಿ ಬೆನ್‌ನ ಪೂರ್ತಿ ಹೆಸರು ಬೆಂಜಮಿನ್ ಫ್ರಾಂಕ್ಲಿನ್ ಪಾರ್ಕರ್. "ಇದ್ದಿರಬಹುದು ಅತ್ತೆ, ಆದ್ರೆ ಅವನ ಕೆಲಸ ಮಾಡಿದ್ದು ಆಂಟ್ ಮೇ" ಅನ್ನುತ್ತಾನೆ ಅಣ್ಣನ ಮಗ. 2021ರಲ್ಲಿ, ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರುತ್ತದೆ ಅನ್ನುವ ಬೆನ್‌ನ ಆ ಮಾತು ಹೇಳಿ ಸಾಯುವವಳು ಪೀಟರ್‌ನನ್ನು ಸಾಕಿದ ಆ ಮೇ. ಹಾಗಾದರೆ 'ಸಿವಿಲ್ ವಾರ್'ನಲ್ಲಿ, ಶಕ್ತಿ ಇದ್ದೂ ಸುಮ್ನಿದ್ದರೆ ಆಗುವ ಕೆಡುಕು ನಮ್ಮದೇ ತಪ್ಪು ಅಂತ ಪೀಟರ್ ಸ್ಟಾರ್ಕ್‌ಗೆ ಹೇಳಿದನಲ್ಲ, ಅದನ್ನು ಯಾರ ಸಾವಿನಿಂದ ಕಲಿತ? ಇದಕ್ಕೆ ಅವನು ಬರುವ ಭಾನುವಾರ ಉತ್ತರ ಕೊಡುತ್ತಾನಂತೆ.