ಹಿಟ್ಟು ಉಬ್ಬಲಿಲ್ಲ ಅಂತ ಶುರುವಾಗಿದ್ದು

ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತಲ್ಲ, ಮೂರು ಸಲ ದೋಸೆ ಹಿಟ್ಟು ಉಬ್ಬಲೇ ಇಲ್ಲ ನಂಗೆ, ಬೆಳಗ್ಗೆ ನೋಡಿದ್ರೆ ರುಬ್ಬಿಟ್ಟಾಗ ಎಷ್ಟಿತ್ತೋ ಅಷ್ಟೇ, ಒಂದು ಗುಳ್ಳೆ ಇಲ್ಲ. ಸಿಟ್ಟಲ್ಲಿ ಸೋಡಾ ಸುರಿದೆ, ಬಾಯಿಗಿಟ್ರೆ ಸೋಪಿನ ರುಚಿ. ಅಮ್ಮಂಗೆ ಫೋನ್ ಮಾಡಿದ್ರೆ ಒಂದೇ ಮಾತು, "ಗಂಟೆಗೊಂದ್ಸಲ ಮುಚ್ಚಳ ತೆಗೆದು ನೋಡ್ಬೇಡ ಕಣೋ". ಆಫೀಸಲ್ಲೂ ನಾನು ಇದೇ ಥರ, ಮೇಲ್ ಕಳಿಸಿ ಹತ್ತು ನಿಮಿಷಕ್ಕೇ ರಿಪ್ಲೈ ಬಂತಾ ಅಂತ ನೋಡೋನು. ಸರಿ, ಈ ಸಲ 4 ಲೋಟ ಅಕ್ಕಿಗೆ 1 ಲೋಟ ಉದ್ದು, 1 ಚಮಚ ಮೆಂತ್ಯ ನೆನೆಸಿ ರುಬ್ಬಿ, ಕೈಯಲ್ಲೇ ಕಲಸಿ, ಲೈಟ್ ಹಾಕಿದ ಓವನ್ ಒಳಗಿಟ್ಟು 14 ಗಂಟೆ ಆ ಕಡೆ ತಲೆನೇ ಹಾಕಲಿಲ್ಲ. ಬೆಳಗ್ಗೆ ಪಾತ್ರೆ ಅಂಚು ದಾಟಿ ಓವನ್ ತುಂಬಾ ಹಿಟ್ಟು, ಒರೆಸೋಕೇ ಅರ್ಧ ಗಂಟೆ ಹಿಡೀತು!