ಡಿಪಿಎಫ್ ಕಟ್ಟಿಕೊಂಡಾಗ ನಾನು ಮಾಡಿದ್ದು

ಡೀಸೆಲ್ ಕಾರಿನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡಿತು ಅಂದರೆ ನಮ್ಮ ಶಿರಸಿ ಕಡೆ ಸಿಗುವ ಸಲಹೆ ಎರಡೇ. ಹೊಸದು ಹಾಕಿಸಿ, ಇಲ್ಲವೇ ತೆಗೆಸಿ ಬಿಸಾಡಿ. ಹೊಸದಕ್ಕೆ ನನಗೆ ಹೇಳಿದ ರೇಟು ಲಕ್ಷದ ಮೇಲಿತ್ತು. ಬಾವನವರು ಎರಡನೇ ದಾರಿ ತೋರಿಸಿದರು: "ಅದ್ನ ತೆಗೆಸಿ ಒಗದ್ರೆ ಆತು ಭಾವ, ಎಂತಕ್ಕೆ ತಲೆಬಿಸಿ?" ಎರಡನ್ನೂ ಮಾಡದೆ ನನ್ನ ಕಾರು ಸರಿಯಾಯಿತು. ಅದು ಯಾಕೆ ಕಟ್ಟಿತು ಎಂದು ಮೊದಲು ಹುಡುಕಿದ್ದರಿಂದ ಅಷ್ಟೇ.

ಕಾರು 2020ರದ್ದು. ಆ ವರ್ಷದ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಕಡ್ಡಾಯವಾಯಿತಲ್ಲ, ಆಗ ಬಂದ ಮಾಡೆಲ್. ಓಡಿದ್ದು ಎಪ್ಪತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಹೆಚ್ಚಿನದೆಲ್ಲ ಮನೆಯಿಂದ ಪೇಟೆಗೆ, ಸೊಸೈಟಿಗೆ, ಮಕ್ಕಳ ಶಾಲೆಗೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರು ಬಂದಿರುತ್ತದೆ.

ಡಿಪಿಎಫ್ ಎಚ್ಚರಿಕೆಯ ಲೈಟು ಬರುವ ಮೊದಲೇ ಸೂಚನೆಗಳಿದ್ದವು. ನಿಂತಲ್ಲಿ ಆರ್‌ಪಿಎಂ ಸುಮ್ಮನೆ ಏರುವುದು, ಕೀಲಿ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗುವುದು, ಅಂಗಳದಲ್ಲಿ ಸುಟ್ಟ ವಾಸನೆ, ಮೈಲೇಜು ಕಡಿಮೆ. ಕಾರು ರೀಜನ್ (ಫಿಲ್ಟರಿನ ಮಸಿಯನ್ನು ತಾನೇ ಸುಟ್ಟುಕೊಳ್ಳುವ ಕೆಲಸ) ಶುರು ಮಾಡಿ, ಮುಗಿಸಲಾಗದೆ ಅರ್ಧಕ್ಕೆ ಬಿಡುತ್ತಿದೆ ಎಂಬುದರ ಲಕ್ಷಣ ಇವು. ಡಿಪಿಎಫ್ ಒಳಗೆ ಸೆರಾಮಿಕ್ಕಿನ ಸಣ್ಣ ಸಣ್ಣ ಓಣಿಗಳಿರುತ್ತವೆ. ಒಂದರ ಬಾಯಿ ಮುಂದೆ ಮುಚ್ಚಿದ್ದರೆ ಪಕ್ಕದ್ದು ಹಿಂದೆ ಮುಚ್ಚಿರುತ್ತದೆ. ಹೊಗೆ ಗೋಡೆಯನ್ನೇ ದಾಟಿ ಹೋಗಬೇಕು, ಮಸಿ ಗೋಡೆಯಲ್ಲಿ ಉಳಿಯುತ್ತದೆ. ಅದು ತುಂಬಿದಾಗ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸ್ವಲ್ಪ ಡೀಸೆಲನ್ನು ತಡವಾಗಿ ಚಿಮ್ಮಿಸಿ, ಸೈಲೆನ್ಸರ್ ದಾರಿಯ ಉಷ್ಣತೆಯನ್ನು 600 ಡಿಗ್ರಿ ಹತ್ತಿರಕ್ಕೆ ಏರಿಸಿ ಮಸಿಯನ್ನು ಸುಡುತ್ತದೆ.

ಅಡಿಕೆ ಬೇಯಿಸುವ ಒಲೆ ನೋಡಿದವರಿಗೆ ಮುಂದಿನ ಮಾತು ಬೇಗ ತಿಳಿಯುತ್ತದೆ. ಬೆಂಕಿ ಜೋರಾದರೆ ಮಸಿ ಉರಿದು ಹೋಗುತ್ತದೆ, ಬೂದಿ ಹೋಗುವುದಿಲ್ಲ, ತೋಡಿಯೇ ತೆಗೆಯಬೇಕು. ಡಿಪಿಎಫ್‌ನಲ್ಲೂ ಎಂಜಿನ್ ಆಯಿಲಿನ ಕ್ಯಾಲ್ಸಿಯಂ, ಸತುವಿನಂಥ ಅಂಶಗಳು ಬೂದಿಯಾಗಿ ಕೂರುತ್ತವೆ. ನಿಮ್ಮದು ಮಸಿಯೋ ಬೂದಿಯೋ ಎಂದು ತಿಳಿಯದೆ ಕೈಹಾಕಬೇಡಿ. ನಾನು ಕಾರಿನ ಕಂಪ್ಯೂಟರ್ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಚುಚ್ಚಿ ಮೊಬೈಲಿನಲ್ಲಿ ದೋಷದ ಕೋಡ್ ಓದಿದೆ: ಪಿ2463, ಅಂದರೆ ಮಸಿ ಹೆಚ್ಚಾಗಿದೆ. ಪಿ242ಎಫ್ ಬಂದಿದ್ದರೆ ಬೂದಿ; ಆಗ ಎಷ್ಟು ಓಡಿಸಿದರೂ ಉಪಯೋಗವಿಲ್ಲ, ಬಿಚ್ಚಿಯೇ ತೊಳೆಸಬೇಕು.

ಕೋಡನ್ನೂ ಪೂರ್ತಿ ನಂಬಲಾಗದು. ಡಿಪಿಎಫ್‌ನ ಹಿಂದೆ ಮುಂದೆ ಇರುವ ಒತ್ತಡದ ವ್ಯತ್ಯಾಸವನ್ನು ಒಂದು ಸೆನ್ಸರ್ ಅಳೆಯುತ್ತದೆ, ಎರಡು ಸಣ್ಣ ರಬ್ಬರ್ ಪೈಪುಗಳ ಮೂಲಕ. ಪೈಪು ಬಿರುಕು ಬಿಟ್ಟಿದ್ದರೆ, ಒಳಗೆ ಮಸಿ ಕಟ್ಟಿದ್ದರೆ ಸೆನ್ಸರು ಹೇಳುವುದೆಲ್ಲ ತಪ್ಪು. ಕೀಲಿ ಆನ್ ಮಾಡಿ ಎಂಜಿನ್ ಹಚ್ಚದೆ ನೋಡಿದೆ, ಸೊನ್ನೆ ತೋರಿಸಿತು. ಸೆನ್ಸರಿನ ಸೊನ್ನೆ ಸರಿಯಿದೆ ಅಂದಾಯಿತು. ಎಂಜಿನ್ ಹಚ್ಚಿ ನಿಂತಲ್ಲೇ ನೋಡಿದರೆ 3 ಕಿಲೋಪಾಸ್ಕಲ್ ದಾಟಿತ್ತು. ಸ್ವಚ್ಛವಿದ್ದರೆ ಸುಮಾರು 1ರ ಒಳಗೇ ಇರಬೇಕಾದ್ದು.

ಹಾಗಾದರೆ ರೀಜನ್ ಯಾಕೆ ಮುಗಿಯುತ್ತಿಲ್ಲ? ಉತ್ತರ ಸಿಕ್ಕಿದ್ದು ದೇವಿಮನೆ ಘಟ್ಟದಲ್ಲಿ. ಕುಮಟಾಕ್ಕೆ ಇಳಿಯುವಾಗ ಹೆಂಡತಿ ಪಕ್ಕದಲ್ಲಿ ಕೂತು ಮೊಬೈಲ್ ನೋಡಿ ಓದುತ್ತಿದ್ದಳು. ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಉಷ್ಣತೆ 85 ಡಿಗ್ರಿ ಇದ್ದದ್ದು ಇಳಿಯುತ್ತಾ 70ಕ್ಕೆ, ಮತ್ತೂ ಕೆಳಕ್ಕೆ ಬಂತು. ಕೆಳಗಿನ ಸಮತಟ್ಟು ರಸ್ತೆಯಲ್ಲೂ ಮೇಲೇರಲು ಸತಾಯಿಸಿತು. ಕೂಲಂಟಿನ ದಾರಿಯ ವಾಲ್ವಾದ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಎಂಜಿನ್ ಬಿಸಿ ಉಳಿಯುತ್ತಿಲ್ಲ. ಎಂಜಿನ್ ತಣ್ಣಗಿದೆ ಎಂದು ಕಂಡರೆ ಇಸಿಯು ರೀಜನ್ನಿಗೆ ಒಪ್ಪುವುದಿಲ್ಲ, ಒಪ್ಪಿದರೂ ನಡುವೆ ಬಿಡುತ್ತದೆ. ಥರ್ಮೋಸ್ಟಾಟಿಗೆಂದು ಬೇರೆ ಕೋಡ್ ಬಂದಿರಲಿಲ್ಲ, ಓಡಿಸುತ್ತಾ ನೋಡಿದ್ದಕ್ಕೆ ಗೊತ್ತಾಯಿತು. ಎಲ್ಲರ ಕಾರಿನಲ್ಲೂ ಇದೇ ಕಾರಣ ಎನ್ನುತ್ತಿಲ್ಲ. ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಟರ್ಬೋದ ಗಾಳಿ ಪೈಪು ಹರಿದಿರಬಹುದು. ಆದರೆ ಏನೋ ಒಂದು ಇದ್ದೇ ಇರುತ್ತದೆ, ಅದನ್ನು ಬಿಟ್ಟು ಡಿಪಿಎಫ್ ಬದಲಿಸಿದರೆ ಹೊಸದೂ ಹಾಗೆಯೇ ಕಟ್ಟುತ್ತದೆ.

ಎಂಜಿನ್ ಪೂರ್ತಿ ತಣಿದ ಮೇಲೆ ಕೂಲಂಟ್ ಇಳಿಸಿ, ಹೌಸಿಂಗಿನ ಬೋಲ್ಟು ಬಿಚ್ಚಿ ಹಳೆಯ ಥರ್ಮೋಸ್ಟಾಟ್ ತೆಗೆದೆ. ತಣ್ಣಗಿದ್ದಾಗ ಬಿಗಿಯಾಗಿ ಮುಚ್ಚಿರಬೇಕಾದ ವಾಲ್ವಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಹೊಸದನ್ನು ಹಾಕುವ ಮೊದಲು ಬಿಸಿನೀರಿನ ಪಾತ್ರೆಗೆ ಬಿಟ್ಟು, ತೆರೆಯುತ್ತದೆ, ತಣಿದಾಗ ಮುಚ್ಚುತ್ತದೆ ಎಂದು ನೋಡಿಕೊಂಡೆ. ಹೊಸ ಓ-ರಿಂಗ್, ಕಂಪನಿ ಹೇಳಿದ ಕೂಲಂಟ್. ಒಳಗಿನ ಗಾಳಿ ಹೊರಗೆ ಬರುವ ತನಕ ತಾಳ್ಮೆಯಿಂದ ತುಂಬಿಸಬೇಕು, ಇಲ್ಲಿ ಅವಸರ ಮಾಡಿದರೆ ಎಂಜಿನ್ನೇ ಅತಿಯಾಗಿ ಬಿಸಿಯಾಗುತ್ತದೆ.

ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಮೇಲಿನ ಗೆರೆ ದಾಟಿತ್ತು, ಡೀಸೆಲ್ ವಾಸನೆ. ಅರ್ಧಕ್ಕೆ ನಿಂತ ಪ್ರತಿ ರೀಜನ್ನಿನಲ್ಲೂ ತಡವಾಗಿ ಚಿಮ್ಮಿದ ಡೀಸೆಲ್ ಸ್ವಲ್ಪ ಸ್ವಲ್ಪ ಸಿಲಿಂಡರಿನ ಗೋಡೆ ಹಿಡಿದು ಆಯಿಲಿಗೆ ಇಳಿದಿದೆ. ಆಯಿಲ್ ಹೆಚ್ಚಾಗಿದೆ ಎಂದು ಖುಷಿಪಡುವವರನ್ನು ನೋಡಿದ್ದೇನೆ. ಅದು ಬೇರಿಂಗಿಗೂ ಟರ್ಬೋಗೂ ಅಪಾಯ. ಹೆದ್ದಾರಿಗೆ ಇಳಿಯುವ ಮೊದಲೇ ಆಯಿಲ್ ಬದಲಿಸಿದೆ. ಡಬ್ಬದ ಮೇಲೆ ಎಸಿಇಎ ಸಿ3 ಎಂದಿರುವ ಕಡಿಮೆ ಬೂದಿಯ ಆಯಿಲನ್ನೇ ನನ್ನ ಕಾರಿನ ಪುಸ್ತಕ ಹೇಳುತ್ತದೆ. ಅಗ್ಗದ ಯಾವುದೋ ಡೀಸೆಲ್ ಆಯಿಲ್ ಹಾಕಿದರೆ ನಾಳೆಯ ಬೂದಿಯನ್ನು ಇಂದೇ ತುಂಬಿದಂತೆ.

ಆಮೇಲೆ ಓಡಿಸುವುದು. ಘಟ್ಟ ಇಳಿಯುವಾಗ ರೀಜನ್ ಆಗುವುದಿಲ್ಲ, ಎಕ್ಸಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ಲೇ ನಿಲ್ಲುತ್ತದೆ, ಸೈಲೆನ್ಸರ್ ತಣಿಯುತ್ತದೆ. ಕುಮಟಾದಿಂದ ಅಂಕೋಲಾ ಕಡೆಗೆ ಹೆದ್ದಾರಿ 66 ಹಿಡಿದೆ. ನಾಲ್ಕನೇ ಗೇರು, ಎರಡು ಸಾವಿರದ ಮೇಲೆ ಆರ್‌ಪಿಎಂ, ಎಂಬತ್ತರ ಆಸುಪಾಸು, ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್. ಮಿರ್ಜಾನ ದಾಟಿದ ಮೇಲೆ ಸೈಲೆನ್ಸರ್ ದಾರಿಯ ಉಷ್ಣತೆ 580, 600 ಎಂದು ಏರಿತು. ಹಿರೇಗುತ್ತಿ, ಮಾದನಗೇರಿ ದಾಟುವಾಗ ಹಾಗೇ ಇತ್ತು, ಅಂಕೋಲಾ ಬರುವಷ್ಟರಲ್ಲಿ ತಾನಾಗಿ ಇಳಿಯಿತು. ನಿಲ್ಲಿಸಿ ನೋಡಿದರೆ ಒತ್ತಡ 1ರ ಒಳಗೆ. ಮರಳಿ ಘಟ್ಟ ಹತ್ತುವಾಗ ಎಳೆತ ಹಗುರಾಗಿತ್ತು. ಏರಿನಲ್ಲಿ ಎಂಜಿನ್ ದುಡಿಯುವುದರಿಂದ ಮಸಿ ತಾನಾಗಿಯೇ ಒಂದಿಷ್ಟು ಸುಡುತ್ತದೆ, ಇದು ಘಟ್ಟದ ಮೇಲಿನವರಿಗೆ ಸಿಕ್ಕ ಲಾಭ.

ಆದರೆ ಲೈಟು ಮಿನುಗುತ್ತಿದ್ದರೆ, ಕಾರು ಎಳೆಯದೆ ಲಿಂಪ್ ಮೋಡಿಗೆ (ಎಂಜಿನ್ ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಳ್ಳುವ ಸ್ಥಿತಿಗೆ) ಹೋಗಿದ್ದರೆ ಹೀಗೆ ಓಡಿಸಬೇಡಿ. ಅತಿಯಾಗಿ ತುಂಬಿದ ಮಸಿಗೆ ಒಮ್ಮೆಲೇ ಬೆಂಕಿ ಹಿಡಿದರೆ ಸೆರಾಮಿಕ್ ಸೀಳುತ್ತದೆ. ಆಗ ಸ್ಕ್ಯಾನರ್ ಇರುವಲ್ಲಿ ಒಯ್ಯುವುದೇ ಸರಿ. ನಿಲ್ಲಿಸಿ ರೀಜನ್ ಮಾಡಿಸುವುದಿದ್ದರೂ ಅಂಗಳದಲ್ಲಿ ಬೇಡ, ನಮ್ಮಲ್ಲಿ ದರಕು (ಒಣ ಎಲೆ), ಅಡಿಕೆ ಹಾಳೆ, ಸೋಗೆ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಬರಿ ನೆಲದ ಮೇಲೆ, ಹತ್ತಿರ ಏನೂ ಇಲ್ಲದ ಜಾಗ ಬೇಕು.

ಬಾವನವರ ಸಲಹೆಗೆ ನಾನು ಒಪ್ಪದಿರಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಂದು ಕಾರಣ, ಇಂಥ ಬದಲಾವಣೆಗೆ ಅಲ್ಲಿ ಅವಕಾಶವಿಲ್ಲ. ದೊಡ್ಡ ಕಾರಣ ಬೇರೆ. ಆ ಮಸಿ ನಮ್ಮ ಪೇಟೆಯ ಇಕ್ಕಟ್ಟು ರಸ್ತೆಯಲ್ಲಿ, ಶಾಲೆ ಬಿಡುವ ಹೊತ್ತಿಗೆ, ನಡೆದುಹೋಗುವ ಮಕ್ಕಳ ಎದೆಗೆ ಹೋಗುತ್ತದೆ. ಅದಕ್ಕೆ ನನ್ನ ಕಾರು ಕಾರಣವಾಗುವುದು ನನಗೆ ಬೇಡ.

ಈಗ ಘಟ್ಟದ ಕೆಳಗೆ ಹೋಗುವ ಕೆಲಸಗಳನ್ನು ಸಣ್ಣ ಓಡಾಟಗಳ ನಡುವೆ ಸೇರಿಸಿಕೊಳ್ಳುತ್ತೇನೆ. ಆಯಿಲ್ ಕಡ್ಡಿಯನ್ನು ಕಡಿಮೆಯಾಗಿದೆಯೇ ಎಂದಷ್ಟೇ ಅಲ್ಲ, ಏರಿದೆಯೇ ಎಂದೂ ನೋಡುತ್ತೇನೆ. ಪೇಟೆಯಿಂದ ಬರುವಾಗ ಫ್ಯಾನ್ ಕಿರುಚುತ್ತಿದ್ದರೆ ಮನೆಗೆ ತಿರುಗದೆ, ಅದು ನಿಲ್ಲುವ ತನಕ ಬನವಾಸಿ ರಸ್ತೆಯಲ್ಲಿ ಮುಂದೆ ಹೋಗಿ ಬರುತ್ತೇನೆ.